ಬಣ್ಣಗೆಟ್ಟ ಹೊದಿಕೆ

ದೇವನಹಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಬೇಸಾಯದ ಕೆಲಸವು ಸೂರ್ಯಾಸ್ತದೊಂದಿಗೆ ಮುಗಿಯುವುದಿಲ್ಲ. ಪಂಪುಸೆಟ್ಟುಗಳಿಗೆ ವಿದ್ಯುತ್ತು ಪಾಳಿಯಂತೆ ಬರುವುದರಿಂದ, ದ್ರಾಕ್ಷಿಯ ತೋಟಕ್ಕೋ ಹಿಪ್ಪುನೇರಳೆಯ ತೋಟಕ್ಕೋ ನೀರು ಕಟ್ಟಬೇಕಾದ ರೈತನು ಎಷ್ಟೋ ಸಲ ನಡುರಾತ್ರಿಯಲ್ಲಿ ಎದ್ದು ಹೊರಡಬೇಕಾಗುತ್ತದೆ. ಹಾವು ಚೇಳುಗಳು ಹರಿದಾಡುವ ಬದುವಿನ ಮೇಲೆ ಅವನಿಗೆ ಇರುವ ಆಸರೆ ಕೈಯಲ್ಲಿನ ಟಾರ್ಚು ಒಂದೇ. ರೇಷ್ಮೆಹುಳು ಸಾಕುವ ಮನೆಯಲ್ಲಿಯೂ ಹೀಗೆಯೇ. ಹುಳುಗಳು ಕೊನೆಯ ಜ್ವರವೆದ್ದು ಹಗಲಿರುಳು ಸೊಪ್ಪು ತಿನ್ನುವ ದಿನಗಳಲ್ಲಿ ದೀಪ ಆರಿತೆಂದು ಮನೆಯವರು ಮಲಗುವಂತಿಲ್ಲ, ಸೊಪ್ಪು ಹಾಕಲೇಬೇಕು. ಆಗಲೂ ಟಾರ್ಚೇ ಗತಿ. ನಮ್ಮ ಹಳ್ಳಿಗಳಲ್ಲಿ ಟಾರ್ಚನ್ನೇ ‘ಬ್ಯಾಟರಿ’ ಎಂದು ಕರೆಯುವುದು ವಾಡಿಕೆ. ಅದರ ಒಳಗಿರುವುದನ್ನು ‘ಸೆಲ್ಲು’ ಎನ್ನುತ್ತಾರೆ. ವಿಜ್ಞಾನದ ಪುಸ್ತಕದಲ್ಲಿ ನೀವು ವಿದ್ಯುತ್ಕೋಶ ಎಂದು ಓದಿರುವುದು ಇದನ್ನೇ.

ಹಿಂದೆ ಈ ಸೆಲ್ಲುಗಳು ಮುಗಿದೊಡನೆ ಎಸೆಯುವ ಒಣಕೋಶಗಳಾಗಿದ್ದವು. ಅವು ಕೆಲವು ವಾರ ಇಲ್ಲವೇ ಕೆಲವು ತಿಂಗಳು ಮನೆಯಲ್ಲಿದ್ದು ಹೋಗಿಬಿಡುತ್ತಿದ್ದುದರಿಂದ ಅವುಗಳ ಅಂಗಿಯ ಬಣ್ಣದ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಬಂದಿರುವ, ಮತ್ತೆ ಮತ್ತೆ ಚಾರ್ಜ್ ಮಾಡಿ ಬಳಸುವ ಕೋಶಗಳು ಹಾಗಲ್ಲ. ಅವು ಮೂರು ನಾಲ್ಕು ವರ್ಷ ನಮ್ಮೊಡನೆ ಬಾಳುತ್ತವೆ. ಬಿಸಿಲು, ಬೆವರು, ಧೂಳು, ಎಣ್ಣೆ ಎಲ್ಲವನ್ನೂ ಕಾಣುತ್ತವೆ. ಒಂದು ದಿನ ಟಾರ್ಚಿನ ಹಿಂದಣ ಮುಚ್ಚಳವನ್ನು ತಿರುಗಿಸಿ ತೆಗೆದಾಗ, ಕೊಂಡಾಗ ನೀಲಿಯಾಗಿದ್ದ ಕೋಶವು ಬೂದು ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಇಲ್ಲವೆ ಬಿಳಿಯ ಹೊದಿಕೆ ಹಳದಿಯಾಗಿರುತ್ತದೆ. ಇಲ್ಲವೆ ಒಂದು ತುದಿಯಲ್ಲಿ ಕಂದು ಬಣ್ಣದ ಉಂಗುರವೊಂದು ಮೂಡಿರುತ್ತದೆ. ಇದನ್ನು ಇನ್ನೂ ಬಳಸಬಹುದೇ?

ಮನೆಯಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಒಬ್ಬರು, ‘ಬಣ್ಣ ಹೋದರೇನು, ದೀಪ ಉರಿಯುತ್ತಿದೆಯಲ್ಲ’ ಎನ್ನುವರು. ಇನ್ನೊಬ್ಬರು, ‘ಯಾವುದಕ್ಕೂ ಬೇಡ, ಎಸೆದುಬಿಡು’ ಎನ್ನುವರು. ಮೊದಲನೆಯ ಉತ್ತರದಿಂದ ಮನೆಗೆ ಬೆಂಕಿ ಬೀಳಬಹುದು. ಎರಡನೆಯದರಿಂದ ಇನ್ನೂರು ಮುನ್ನೂರು ರೂಪಾಯಿ ಬೆಲೆಯ ಒಳ್ಳೆಯ ಕೋಶವೊಂದು ತಿಪ್ಪೆಯ ಪಾಲಾಗಬಹುದು. ತಿಪ್ಪೆಯಲ್ಲಿ ಅದು ಇನ್ನೊಂದು ಬಗೆಯ ಅಪಾಯವಾಗಬಹುದು. ಇಬ್ಬರೂ ಮಾಡದಿರುವ ಕೆಲಸವೆಂದರೆ, ಆ ಬಣ್ಣ ಏಕೆ ಬದಲಾಯಿತು ಎಂದು ವಿಚಾರಿಸುವುದು.

ವಿಚಾರಿಸುವ ಮೊದಲು ಕೋಶದ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ಇಟಲಿಯ ವೋಲ್ಟನು 1800ರಲ್ಲಿ ಸತು ಮತ್ತು ತಾಮ್ರದ ಬಿಲ್ಲೆಗಳನ್ನು ಉಪ್ಪುನೀರಿನಲ್ಲಿ ತೊಯ್ದ ಪದರಗಳೊಡನೆ ಒಂದರ ಮೇಲೊಂದು ಪೇರಿಸಿ ಮೊದಲ ವಿದ್ಯುತ್ಕೋಶವನ್ನು ಮಾಡಿದನು. ಮತ್ತೆ ಚಾರ್ಜ್ ಮಾಡಬಲ್ಲ ಸೀಸ-ಆಮ್ಲದ ಸಂಚಾಯಕವನ್ನು ಫ್ರಾನ್ಸಿನ ಪ್ಲಾಂಟೆ 1859ರಲ್ಲಿಯೂ, ನಿಕ್ಕಲ್-ಕ್ಯಾಡ್ಮಿಯಂ ಕೋಶವನ್ನು ಸ್ವೀಡನ್ನಿನ ಯುಂಗ್ನರ್ 1899ರಲ್ಲಿಯೂ ರಚಿಸಿದರು. ಲಿಥಿಯಂ-ಅಯಾನು ಕೋಶವು 1991ರಲ್ಲಿ ಜಪಾನಿನಿಂದ ಮಾರುಕಟ್ಟೆಗೆ ಬಂದಿತು. ಅದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ಟಾರ್ಚುಗಳಲ್ಲಿ ಹೆಚ್ಚಾಗಿ ಕಾಣುವ ದಪ್ಪ ಸೆಲ್ಲು ಈ ಜಾತಿಯದು. ಅದರ ಮೇಲೆ 18650 ಎಂದು ಬರೆದಿರುತ್ತದೆ. ಇದು ಯಾವ ಗೂಢ ಸಂಖ್ಯೆಯೂ ಅಲ್ಲ: ಕೋಶದ ವ್ಯಾಸ 18 ಮಿಲಿಮೀಟರು, ಉದ್ದ 65 ಮಿಲಿಮೀಟರು ಎಂದಷ್ಟೇ ಅದರ ಅರ್ಥ. ಗೋಡೆಯ ಗಡಿಯಾರಕ್ಕೆ ಹಾಕುವ ಗಾತ್ರದ, ಚಾರ್ಜ್ ಮಾಡಬಲ್ಲ ಸಣ್ಣ ಸೆಲ್ಲುಗಳು ಬಹುಮಟ್ಟಿಗೆ ನಿಕ್ಕಲ್-ಲೋಹ ಹೈಡ್ರೈಡ್ ಜಾತಿಯವು.

ಈ ಎರಡು ಜಾತಿಗಳಿಗೂ ಹೊರಗೋಡೆಯೆಂಬುದು ನಿಕ್ಕಲ್ ಲೇಪಿಸಿದ ತೆಳುವಾದ ಉಕ್ಕಿನ ಡಬ್ಬಿ. ಇಲ್ಲಿ ಬಹಳ ಜನ ತಿಳಿಯದ ಸಂಗತಿಯೊಂದುಂಟು. ಕೋಶದ ತಳ ಮಾತ್ರವೇ ಋಣಾಗ್ರ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ತಳದಿಂದ ಮೊದಲುಗೊಂಡು ಮೇಲಿನ ಭುಜದವರೆಗೆ ಇಡೀ ಡಬ್ಬಿಯೇ ಋಣಾಗ್ರ. ಧನಾಗ್ರವಾಗಿರುವುದು ತುದಿಯಲ್ಲಿನ ಪುಟ್ಟ ಟೋಪಿ ಮಾತ್ರ. ಟೋಪಿಗೂ ಡಬ್ಬಿಯ ಭುಜಕ್ಕೂ ನಡುವಣ ಅಂತರ ಒಂದೆರಡು ಮಿಲಿಮೀಟರಿಗಿಂತ ಹೆಚ್ಚಿಲ್ಲ. ಆ ಅಂತರದ ಮೇಲೆ ಕಾಗದದಂತಹ ಒಂದು ಅವಾಹಕ ಬಳೆಯನ್ನಿಟ್ಟು, ಅದರ ಮೇಲಿನಿಂದ ಕೆಳಗಿನವರೆಗೆ ಪ್ಲಾಸ್ಟಿಕ್ಕಿನ ಕೊಳವೆಯೊಂದನ್ನು ತೊಡಿಸಿ, ಬಿಸಿಗಾಳಿಯಿಂದ ಬಿಗಿದುಕೊಳ್ಳುವಂತೆ ಮಾಡಿರುತ್ತಾರೆ. ನಾವು ಬಣ್ಣವೆಂದು ಕಾಣುವುದು ಈ ಪ್ಲಾಸ್ಟಿಕ್ಕನ್ನು. ದೇವನಹಳ್ಳಿಯ ಚಕ್ಕೋತದ ಸಿಪ್ಪೆಯ ದಪ್ಪವನ್ನು ನೀವು ನೋಡಿದ್ದೀರಿ. ತೊಳೆಗಳನ್ನು ಅದು ಎಷ್ಟು ಭದ್ರವಾಗಿ ಕಾಪಾಡುತ್ತದೆ! ಕೋಶಕ್ಕೆ ಅಂತಹ ಭಾಗ್ಯವಿಲ್ಲ. ಅದರ ಹೊದಿಕೆಯ ದಪ್ಪ ನಿಮ್ಮ ನೋಟುಪುಸ್ತಕದ ಒಂದು ಹಾಳೆಯಷ್ಟು. ಆದರೂ ಧನಾಗ್ರ ಋಣಾಗ್ರಗಳನ್ನು ಹೊರಗಡೆಯಿಂದ ಬೇರ್ಪಡಿಸಿರುವುದು ಈ ಒಂದು ಹಾಳೆಯೇ. ಇದು ಅಲಂಕಾರದ ಅಂಗಿಯಲ್ಲವೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಹೊದಿಕೆ ಭುಜದ ಬಳಿ ಹರಿದು, ಟಾರ್ಚಿನ ಲೋಹದ ಅಂಚೋ ಜೇಬಿನ ಬೀಗದ ಕೈಯೋ ಟೋಪಿಯನ್ನೂ ಭುಜವನ್ನೂ ಒಟ್ಟಿಗೆ ಮುಟ್ಟಿತೆನ್ನಿ. ಆಗ ಪ್ರವಾಹವು ಬಲ್ಬಿನ ಹಾದಿಯನ್ನು ಬಿಟ್ಟು ಈ ಅಡ್ಡದಾರಿಯಲ್ಲಿ ಹರಿಯುತ್ತದೆ. ಇದನ್ನೇ ಹ್ರಸ್ವಮಂಡಲವೆನ್ನುವುದು, ಮಾತಿನಲ್ಲಿ ‘ಶಾರ್ಟ್ ಆಯಿತು’ ಎನ್ನುತ್ತೇವೆ. ಓಮನ ನಿಯಮವನ್ನು ನೆನೆದು ಲೆಕ್ಕ ಹಾಕೋಣ. ಚಾರ್ಜ್ ಆದ ಕೋಶದ ವಿಭವಾಂತರ 4 ವೋಲ್ಟ್ ಎಂದೂ, ಕೋಶದ ಒಳರೋಧ ಮತ್ತು ಸಂಪರ್ಕದ ರೋಧ ಸೇರಿ 0.05 ಓಮ್ ಎಂದೂ ಇಟ್ಟುಕೊಂಡರೆ, ಪ್ರವಾಹವು 80 ಆಂಪಿಯರ್ ಆಗುತ್ತದೆ. ಉತ್ಪತ್ತಿಯಾಗುವ ಶಾಖ 320 ವಾಟ್; ಅಂದರೆ ಇಸ್ತ್ರಿಪೆಟ್ಟಿಗೆಯ ಶಾಖದ ಮೂರನೆಯ ಒಂದು ಭಾಗಕ್ಕೆ ಹತ್ತಿರ. ಆದರೆ ಇಸ್ತ್ರಿಪೆಟ್ಟಿಗೆಯ ತೂಕವೆಷ್ಟು, ಸುಮಾರು 45 ಗ್ರಾಂ ತೂಗುವ ಈ ಕೋಶವೆಷ್ಟು! ಶಾಖದ ಬಹುಭಾಗ ಕೋಶದಲ್ಲಿಯೇ ಉಳಿಯುವುದಾದರೆ ಅದರ ಉಷ್ಣತೆ ಪ್ರತಿ ಸೆಕೆಂಡಿಗೆ ಹೆಚ್ಚು ಕಡಿಮೆ ಏಳು ಡಿಗ್ರಿಯಂತೆ ಏರತೊಡಗುತ್ತದೆ. ಕೋಶದೊಳಗೆ ಎರಡು ಧ್ರುವಗಳ ಹಾಳೆಗಳನ್ನು ಬೇರ್ಪಡಿಸಿರುವ ಪೊರೆಯು 130 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೆ ಕರಗುತ್ತದೆ. ಆ ಪೊರೆ ಹಾಳಾದ ಮೇಲೆ ಹೊರಗಿನ ಬೀಗದ ಕೈಯನ್ನು ತೆಗೆದರೂ ಪ್ರಯೋಜನವಿಲ್ಲ. ಒಳಗೇ ಹ್ರಸ್ವಮಂಡಲವುಂಟಾಗಿ, ಒಂದು ರಾಸಾಯನಿಕ ಕ್ರಿಯೆಯ ಶಾಖವು ಇನ್ನೊಂದನ್ನು ಕೆರಳಿಸುತ್ತಾ ಹೋಗಿ ಕೋಶವು ಹೊಗೆಯುಗುಳಿ ಹೊತ್ತಿಕೊಳ್ಳುತ್ತದೆ. ಕೆಲವು ಕೋಶಗಳ ಟೋಪಿಯಡಿಯಲ್ಲಿ ಇಂತಹ ಮಹಾಪ್ರವಾಹವನ್ನು ತಡೆಯುವ ಅಳವಡಿಕೆ ಇರುವುದುಂಟು. ಎಲ್ಲ ಕೋಶಗಳಲ್ಲಿಯೂ ಇರುವುದಿಲ್ಲ. ಹೊರಗಿನಿಂದ ನೋಡಿ ಅದನ್ನು ತಿಳಿಯಲೂ ಆಗದು.

ಈಗ ಬಣ್ಣದ ವಿಚಾರಕ್ಕೆ ಬರೋಣ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತಮುತ್ತ ರೇಷ್ಮೆ ಸಾಕುವವರ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಹುಳು ಗೂಡು ಕಟ್ಟುವ ಕಾಲ ಬಂದಾಗ ಅದರ ಮೈ ಹಳದಿ ಛಾಯೆಗೆ ತಿರುಗಿ ಪಾರದರ್ಶಕವಾಗುತ್ತದೆ. ಹುಳು ‘ಹಣ್ಣಾಯಿತು’ ಎಂದು ಮನೆಯವರು ಸಂತೋಷದಿಂದ ಅದನ್ನು ಚಂದ್ರಿಕೆಗೆ ಬಿಡುತ್ತಾರೆ. ಹಾಲುತೊಂಡೆ ರೋಗ ತಗುಲಿದಾಗಲೂ ಹುಳುವಿನ ಮೈ ಹಳದಿಯಾಗಬಹುದು. ಆದರೆ ಆಗ ಮೈ ಊದಿಕೊಂಡಿರುತ್ತದೆ, ಹುಳು ನೆಲೆಯಿಲ್ಲದೆ ಅಲೆಯುತ್ತದೆ, ಚರ್ಮ ಬಿರಿದು ಹಾಲಿನಂತಹ ದ್ರವ ಸೋರುತ್ತದೆ. ಅನುಭವಿಯಾದ ಅಜ್ಜಿ ಹಳದಿಯೊಂದನ್ನೇ ನೋಡಿ ತೀರ್ಮಾನಿಸುವುದಿಲ್ಲ. ಎಷ್ಟನೆಯ ದಿನ, ಎಲ್ಲ ಹುಳುಗಳೂ ಹೀಗಾಗಿವೆಯೇ ಅಥವಾ ಒಂದೆರಡೇ, ಮೈ ಬಿಗಿಯಾಗಿದೆಯೇ ಎಂದು ನೋಡುತ್ತಾಳೆ. ಕೋಶದ ಹೊದಿಕೆಯನ್ನು ಪರೀಕ್ಷಿಸುವ ಕ್ರಮವೂ ಇದೇ. ಬಣ್ಣ ಯಾವುದು ಎನ್ನುವುದಕ್ಕಿಂತ, ಅದು ಎಲ್ಲಿ ಬದಲಾಗಿದೆ, ಎಷ್ಟು ಕೋಶಗಳಲ್ಲಿ ಬದಲಾಗಿದೆ, ಜೊತೆಗೆ ಇನ್ನೇನು ಬದಲಾಗಿದೆ ಎನ್ನುವ ಪ್ರಶ್ನೆಗಳು ಹೆಚ್ಚಿನವು.

ಕಿಟಕಿಯ ಪಕ್ಕದಲ್ಲಿ ಇಟ್ಟಿದ್ದ ಕೋಶದ ಹೊದಿಕೆ ಬಿಸಿಲು ಬಿದ್ದ ಮಗ್ಗುಲಲ್ಲಿ ಮಾತ್ರ ಮಾಸಿರುತ್ತದೆ. ಇನ್ನೊಂದು ಮಗ್ಗುಲಲ್ಲಿ ಮೊದಲಿನ ಬಣ್ಣವೇ ಇರುತ್ತದೆ. ಬಾಗಿಲಿಗೆ ಕಟ್ಟಿದ ಪರದೆಯೂ ಹೀಗೆಯೇ ಮಾಸುವುದನ್ನು ಕಂಡಿದ್ದೇವೆ. ಇದು ಬಣ್ಣದ ದ್ರವ್ಯಕ್ಕೆ ಆದ ಹಾನಿಯೇ ಹೊರತು ಕೋಶಕ್ಕೆ ಆದುದಲ್ಲ. ಉಗುರಿನಿಂದ ಮೆಲ್ಲಗೆ ಒತ್ತಿದಾಗ ಹೊದಿಕೆ ಒಡೆಯದೆ ಮೃದುವಾಗಿದ್ದರೆ ಆತಂಕಪಡಬೇಕಾದುದಿಲ್ಲ. ರಬ್ಬರಿನ ಕವಚದಲ್ಲಿಯೋ ಬಣ್ಣದ ಪ್ಲಾಸ್ಟಿಕ್ ಡಬ್ಬಿಯಲ್ಲಿಯೋ ಬಹುಕಾಲವಿಟ್ಟ ಕೋಶಕ್ಕೆ ಆ ಬಣ್ಣವೇ ಅಂಟಿಕೊಳ್ಳುವುದುಂಟು. ಟಾರ್ಚಿನ ಬಿಗಿಯಾದ ಲೋಹದ ಕೊಳವೆಯೊಳಗೆ ಜಾರಿ ಜಾರಿ ಉದ್ದುದ್ದ ಕಪ್ಪು ಗೆರೆಗಳು ಮೂಡುವುದೂ ಉಂಟು. ಒರೆಸಿದರೆ ಹೋಗುವ ಕಪ್ಪು ಬರಿಯ ಕೊಳೆ. ಆದರೆ ಒರೆಸಿದ ಮೇಲೆ ಗೆರೆಯೊಳಗೆ ಬೆಳ್ಳಿಯಂತೆ ಲೋಹ ಹೊಳೆದರೆ ಹೊದಿಕೆ ಸವೆದು ತೂತಾಗಿದೆಯೆಂದು ಅರ್ಥ. ಅಲ್ಲಿಗೆ ಅದು ಬಣ್ಣದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕಂದು ಬಣ್ಣದ ವಿಷಯದಲ್ಲಿ ಮಾತ್ರ ನಿಧಾನವಾಗಿ ನೋಡಬೇಕು. ಹೊದಿಕೆಯ ಪ್ಲಾಸ್ಟಿಕ್ಕು ಸಾಮಾನ್ಯವಾಗಿ ಪಿ.ವಿ.ಸಿ. ಎಂಬ ವಸ್ತು, ನೀರಿನ ಕೊಳವೆಗಳನ್ನು ಮಾಡುವುದೂ ಇದರಿಂದಲೇ. ಇದರ ಅಣುಗಳ ಉದ್ದನೆಯ ಸರಪಳಿಯಲ್ಲಿ ಕ್ಲೋರಿನ್ ಪರಮಾಣುಗಳಿವೆ. ಸುಮಾರು 80 ಡಿಗ್ರಿಯಲ್ಲಿ ಈ ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ. ನೂರು ಡಿಗ್ರಿಗೂ ಮೀರಿದ ಶಾಖದಲ್ಲಿ ಹೆಚ್ಚು ಹೊತ್ತು ಇದ್ದರೆ ಸರಪಳಿಯಿಂದ ಹೈಡ್ರೋಜನ್ ಕ್ಲೋರೈಡ್ ಕಳಚಿಕೊಳ್ಳತೊಡಗುತ್ತದೆ. ಕಳಚಿಕೊಂಡ ಜಾಗಗಳಲ್ಲಿ ದ್ವಿಬಂಧಗಳ ಸಾಲು ಉಂಟಾಗುತ್ತದೆ; ಈ ಸಾಲು ಉದ್ದವಾದಷ್ಟೂ ಬಣ್ಣವು ಹಳದಿಯಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ಇಳಿಯುತ್ತದೆ. ಹಾಗಾಗಿ ಬಿಸಿಲನ್ನು ಕಾಣದ ಕೋಶದ ಮೇಲೆ ಸುಟ್ಟಂತಹ ಕಂದು ಕಲೆಯಿದ್ದು, ಅಲ್ಲಿ ಹೊದಿಕೆ ಸುಕ್ಕುಗಟ್ಟಿಯೋ ಗುಳ್ಳೆಯೆದ್ದೋ ಒಣಗಿದ ಎಲೆಯಂತೆ ಪುಡಿಯಾಗಿಯೋ ಇದ್ದರೆ, ಆ ಜಾಗ ಎಂದೋ ಒಮ್ಮೆ ತೀವ್ರವಾಗಿ ಕಾದಿತ್ತು ಎಂದು ತಿಳಿಯಬೇಕು. ಲಿಥಿಯಂ-ಅಯಾನು ಕೋಶವು ಕೆಲಸಮಾಡುವಾಗ 60 ಡಿಗ್ರಿಯನ್ನು, ಚಾರ್ಜ್ ಆಗುವಾಗ 45 ಡಿಗ್ರಿಯನ್ನು ಮೀರಬಾರದೆಂದು ತಯಾರಕರು ಸಾಮಾನ್ಯವಾಗಿ ಮಿತಿ ಹಾಕಿರುತ್ತಾರೆ. ಹೊದಿಕೆ ಸುಟ್ಟಿದೆಯೆಂದರೆ ಈ ಮಿತಿಯನ್ನು ಬಹುದೂರ ದಾಟಿದ್ದಾಯಿತು. ಈಗ ಅದು ತಣ್ಣಗಿದೆ, ದೀಪವೂ ಉರಿಯುತ್ತಿದೆ ಎಂಬುದರಿಂದ ಒಳಗಿನ ಪೊರೆ ಸುಸ್ಥಿತಿಯಲ್ಲಿದೆಯೆಂದು ಹೇಳಲು ಬರುವುದಿಲ್ಲ. ಅಂತಹ ಕೋಶವನ್ನು ಮತ್ತೆ ಚಾರ್ಜಿಗೆ ಹಾಕಬಾರದು.

ಧನಾಗ್ರದ ಸುತ್ತ ಉಂಗುರದಂತೆ ಕಾಣುವ ಕಲೆ ಇನ್ನೊಂದು ಕಥೆಯನ್ನು ಹೇಳುತ್ತದೆ. ಡಬ್ಬಿಯನ್ನು ಮುಚ್ಚಿ ಮಡಿಸಿದ ಸಂಧಿಯಿರುವುದು ಅಲ್ಲಿಯೇ. ಒಳಗೆ ಒತ್ತಡ ಹೆಚ್ಚಾದಾಗ ಅನಿಲ ಹೊರಬರಲೆಂದು ಮಾಡಿದ ಕಂಡಿಯಿರುವುದೂ ಅಲ್ಲಿಯೇ. ಸೋರಿದರೆ ಮೊದಲು ಸೋರುವುದು ಅಲ್ಲಿಂದ. ನಿಕ್ಕಲ್ ಜಾತಿಯ ಕೋಶಗಳಲ್ಲಿ ವಿದ್ಯುದ್ವಿಭಾಜ್ಯವು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ. ಅದು ಹೊರಬಂದು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿ ಪೊಟ್ಯಾಸಿಯಂ ಕಾರ್ಬೊನೇಟಿನ ಬಿಳಿಯ ಹೊಟ್ಟಿನಂತೆ ಕಟ್ಟಿಕೊಳ್ಳುತ್ತದೆ. ಇದನ್ನು ಬರಿಗೈಯಿಂದ ಕೆರೆಯಬಾರದು. ಕೆರೆದ ಕೈಯಿಂದ ಕಣ್ಣುಜ್ಜಿಕೊಂಡರೆ ಕಣ್ಣಿಗೇ ಅಪಾಯ. ಟಾರ್ಚಿನ ಸ್ಪ್ರಿಂಗಿಗೆ ತಗುಲಿದ ಹೊಟ್ಟನ್ನು, ಕೈಗೆ ರಕ್ಷಣೆಯಿಟ್ಟುಕೊಂಡು, ನಿಂಬೆಯ ರಸ ತೊಯ್ಸಿದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಟಾರ್ಚು ಉಳಿಯುತ್ತದೆ. ಕೋಶ ಮಾತ್ರ ಮುಗಿದಂತೆಯೇ. ಲಿಥಿಯಂ ಕೋಶದಲ್ಲಿರುವುದು ಬೇಗ ಹೊತ್ತಿಕೊಳ್ಳುವ ಸಾವಯವ ದ್ರವ. ಅದು ಸೋರಿದಾಗ ಉಗುರಿನ ಬಣ್ಣದ ಸೀಸೆಯನ್ನು ನೆನಪಿಸುವ ಸಿಹಿಯಾದ ವಾಸನೆ ಬರುತ್ತದೆ. ಮುಚ್ಚಳ ತೆಗೆದೊಡನೆ ಈ ವಾಸನೆ ತಾನಾಗಿಯೇ ಮೂಗಿಗೆ ತಾಗಿದರೆ ಹೊದಿಕೆ ಎಷ್ಟೇ ಹೊಳೆಯುತ್ತಿರಲಿ, ಆ ಕೋಶವನ್ನು ದೂರವಿಡಬೇಕು. ವಾಸನೆಯಿದೆಯೇ ಎಂದು ಪರೀಕ್ಷಿಸಲು ಮೂಗಿನ ಹತ್ತಿರ ಹಿಡಿದು ಎಳೆದುಕೊಳ್ಳುವುದು ಸಲ್ಲದು. ಆ ಆವಿ ಒಳ್ಳೆಯದಲ್ಲ. ತಳದಲ್ಲಿ ಕಾಣುವ ಕೆಂಪು ತುಕ್ಕನ್ನೂ ಹಗುರವಾಗಿ ಎಣಿಸಬಾರದು. ಡಬ್ಬಿಯ ಉಕ್ಕು ಬಹಳ ತೆಳುವಾದುದು; ತುಕ್ಕು ತಿನ್ನುತ್ತಿರುವುದು ಕೋಶದ ಗೋಡೆಯನ್ನೇ.

ಮೂರು ಕೋಶಗಳನ್ನು ಹಾಕುವ ದೊಡ್ಡ ಟಾರ್ಚುಗಳಲ್ಲಿ ಒಂದು ಅನುಕೂಲವಿದೆ. ಮೂರೂ ಒಂದೇ ದಿನ ಕೊಂಡವು, ಒಂದೇ ಕೊಳವೆಯಲ್ಲಿ ಬಾಳಿದವು. ಮೂರೂ ಸಮನಾಗಿ ಮಾಸಿದ್ದರೆ ಕಾರಣವು ಹೊರಗಿನದಾಗಿರುವ ಸಂಭವವೇ ಹೆಚ್ಚು. ಎರಡು ಚೆನ್ನಾಗಿದ್ದು ಒಂದು ಮಾತ್ರ ಕಂದಾಗಿದ್ದರೆ, ಆ ಒಂದರೊಳಗೆ ಏನೋ ನಡೆದಿದೆ. ವಿಜ್ಞಾನದ ಪ್ರಯೋಗದಲ್ಲಿ ಹೋಲಿಕೆಗೆಂದು ಒಂದನ್ನು ಬೇರೆಯಾಗಿ ಇಟ್ಟುಕೊಳ್ಳುತ್ತೇವಷ್ಟೆ. ಇಲ್ಲಿ ಟಾರ್ಚೇ ಆ ಏರ್ಪಾಟನ್ನು ಮಾಡಿಕೊಟ್ಟಿದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಸಂಗವಿದೆ. ಬಣ್ಣಗೆಟ್ಟ ಹೊದಿಕೆಗೆ ಹೆದರುವ ನಾವು ಹೊಚ್ಚ ಹೊಸ ಹೊದಿಕೆಯನ್ನು ಸುಲಭವಾಗಿ ನಂಬಿಬಿಡುತ್ತೇವೆ. ಹಳೆಯ ಲ್ಯಾಪ್‌ಟಾಪುಗಳ ಬ್ಯಾಟರಿಗಳನ್ನು ಒಡೆದು, ಒಳಗಿನ ಬಳಸಿದ ಕೋಶಗಳನ್ನು ತೆಗೆದು, ಮೇಲೆ ಮಿರುಗುವ ಹೊಸ ಅಂಗಿ ತೊಡಿಸಿ ಮಾರುವ ವ್ಯಾಪಾರ ಪ್ರಪಂಚದ ಅನೇಕ ಕಡೆಗಳಲ್ಲಿ ನಡೆಯುತ್ತದೆ. ಇಂತಹ ಕೋಶಗಳ ತುದಿಯಲ್ಲಿ, ಹಳೆಯ ಬೆಸುಗೆಯ ಚುಕ್ಕೆಗಳೋ ಅವುಗಳನ್ನು ಉಜ್ಜಿದ ಗುರುತುಗಳೋ ಕಾಣಬಹುದು. 18650 ಗಾತ್ರದ ಕೋಶದ ಧಾರಣಶಕ್ತಿ ಸಾಮಾನ್ಯವಾಗಿ 3500 ಮಿಲಿಆಂಪಿಯರ್-ಗಂಟೆಯ ಆಸುಪಾಸನ್ನು ಮೀರುವುದಿಲ್ಲ. ಹೊದಿಕೆಯ ಮೇಲೆ 9800 ಎಂದು ಅಚ್ಚಾಗಿದ್ದರೆ ಅದನ್ನು ಅಚ್ಚು ಹಾಕಿದವನಿಗೆ ನಾಚಿಕೆಯಿರಲಿಲ್ಲವೆಂದು ತಿಳಿಯತಕ್ಕದ್ದು. ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ ನೋಡಿದರೂ ಕೆಲವು ಮೋಸಗಳು ಹೊರಬೀಳುತ್ತವೆ. 45 ಗ್ರಾಂನ ಸುಮಾರಿಗೆ ಇರಬೇಕಾದುದು 30 ಗ್ರಾಂ ಮಾತ್ರ ಇದ್ದರೆ ಒಳಗೆ ಇರಬೇಕಾದುದು ಇಲ್ಲ. ಮಾಸಿದ ಅಂಗಿಯ ಪ್ರಾಮಾಣಿಕ ಕೋಶವು ಇಂತಹ ಹೊಸ ಅಂಗಿಯ ಕೋಶಕ್ಕಿಂತ ಎಷ್ಟೋ ಮೇಲು.

ಕಣ್ಣಿನ ಪರೀಕ್ಷೆ ಮುಗಿದ ಮೇಲೆ ಉಪಕರಣದ ಪರೀಕ್ಷೆ. ಕೋಶವನ್ನು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿದರೆ ಉಬ್ಬು ತಗ್ಗುಗಳು ತಿಳಿದುಬರುತ್ತವೆ. ಸರಿಯಾದ ಕೋಶವು ಸದ್ದಿಲ್ಲದೆ ಉರುಳುತ್ತದೆ. ಆಮೇಲೆ ಮಲ್ಟಿಮೀಟರಿನಿಂದ ವಿಭವಾಂತರವನ್ನು ಅಳೆಯಬೇಕು. ಅಳೆಯುವಾಗ ಮೀಟರಿನ ಎರಡು ಮೊನೆಗಳೂ ಒಂದನ್ನೊಂದು ಮುಟ್ಟದಂತೆ, ಟೋಪಿಯಿಂದ ಭುಜಕ್ಕೆ ಜಾರದಂತೆ ಹಿಡಿಯಬೇಕು. ಹಿರಿಯರೊಬ್ಬರು ಪಕ್ಕದಲ್ಲಿರುವುದು ಲೇಸು. ಲಿಥಿಯಂ-ಅಯಾನು ಕೋಶವು ತುಂಬಿದಾಗ 4.2 ವೋಲ್ಟ್ ತೋರಿಸುತ್ತದೆ. ಬಳಸಿ ಮುಗಿದಾಗ 2.5 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಬಹಳ ಕಾಲ ಮೂಲೆಯಲ್ಲಿ ಬಿದ್ದು 2 ವೋಲ್ಟಿಗಿಂತಲೂ ಕೆಳಗಿಳಿದ ಕೋಶದೊಳಗೆ ತಾಮ್ರವು ಕರಗಿ ಬೇಡದ ಕಡೆ ಸೇರಿರುವ ಸಂಭವವಿದೆ. ಅದನ್ನು ಚಾರ್ಜ್ ಮಾಡಿ ಬದುಕಿಸುವ ಪ್ರಯತ್ನದಲ್ಲಿಯೇ ಅನೇಕ ಕೋಶಗಳು ಹೊತ್ತಿಕೊಳ್ಳುತ್ತವೆ.

ಒಂದು ಕೋಶವನ್ನು ಪೂರ್ತಿ ಚಾರ್ಜ್ ಮಾಡಿ, ಹೊರತೆಗೆದು, ವಾರವೊಂದು ಸುಮ್ಮನೆ ಇಟ್ಟು ಮತ್ತೆ ಅಳೆಯುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಯಾರೂ ಮುಟ್ಟದೆ ಇದ್ದರೂ ಲಿಥಿಯಂ ಕೋಶದ ವೋಲ್ಟು ಗಮನಾರ್ಹವಾಗಿ ಇಳಿದಿದ್ದರೆ ಒಳಗೆಲ್ಲೋ ಸೋರುದಾರಿಯಿದೆ. ತಳದಲ್ಲಿ ಸಣ್ಣ ಬಿರುಕಿರುವ ಗಡಿಗೆಯಲ್ಲಿ ನೀರು ನಿಲ್ಲದ ಹಾಗೆ. ನಿಕ್ಕಲ್ ಜಾತಿಯ ಕೋಶಗಳಿಗೆ ಈ ಅಳತೆಗೋಲನ್ನು ಹಾಗೆಯೇ ಹಚ್ಚಬಾರದು. ಅವುಗಳ ಸಹಜ ವಿಭವಾಂತರವೇ 1.2 ವೋಲ್ಟ್, ಸುಮ್ಮನಿದ್ದಾಗ ತಕ್ಕಮಟ್ಟಿಗೆ ಶಕ್ತಿಯನ್ನು ಕಳೆದುಕೊಳ್ಳುವುದು ಅವುಗಳಲ್ಲಿ ಹಳೆಯ ಬಗೆಯವಕ್ಕೆ ಸ್ವಭಾವ. ಚಾರ್ಜ್ ಮುಗಿಯುವ ಹೊತ್ತಿಗೆ ಅವು ಬೆಚ್ಚಗಾಗುವುದೂ ಸಹಜವೇ. ಲಿಥಿಯಂ ಕೋಶವು ಮನೆಯ ಸಾಧಾರಣ ಚಾರ್ಜರಿನಲ್ಲಿ ಕೈಗೆ ಬಿಸಿ ತಾಗುವಷ್ಟು ಕಾಯತಕ್ಕದ್ದಲ್ಲ.

ಒಳಗೆಲ್ಲ ಸರಿಯಿದ್ದು ಹೊದಿಕೆ ಮಾತ್ರ ಹರಿದಿದೆಯೆಂದಾದರೆ ಅಂಗಿಯನ್ನು ಬದಲಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆಗಳಲ್ಲಿ ವಿದ್ಯುನ್ಮಾನ ಸಾಮಾನುಗಳನ್ನು ಮಾರುವ ಅಂಗಡಿಗಳಿವೆ. ಬಿಸಿಗೆ ಬಿಗಿಯುವ ಪಿ.ವಿ.ಸಿ. ಕೊಳವೆಯನ್ನು ಕೋಶದ ಗಾತ್ರ ಹೇಳಿ ಕೇಳಬೇಕು. ಟೋಪಿಯ ಸುತ್ತಣ ಅವಾಹಕ ಬಳೆಯನ್ನು ಮೊದಲು ಕೂರಿಸಿ, ಕೊಳವೆಯನ್ನು ತೊಡಿಸಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಕೆಲವು ಸೆಕೆಂಡು ಮಾತ್ರ ಹಾಯಿಸಿದರೆ ಸಾಕು. ರಿಪೇರಿಯ ಕೈಯಳತೆ ಬಲ್ಲವರು ಮಾಡಬೇಕಾದ ಕೆಲಸವಿದು. ಒಲೆಯ ಉರಿಗೆ ಹಿಡಿಯುವುದು, ಮೇಣದ ಬತ್ತಿಯ ಮೇಲೆ ಆಡಿಸುವುದು ಎಂದಿಗೂ ಕೂಡದು. ಅಂಟುಪಟ್ಟಿ ಸುತ್ತಿ ಬಿಡುವವರೂ ಇದ್ದಾರೆ; ಟಾರ್ಚು ಬಿಸಿಯಾದಾಗ ಅಂಟು ಜಾರಿ, ಪಟ್ಟಿ ಸರಿದು, ಲೋಹ ಮತ್ತೆ ಬಯಲಾಗುತ್ತದೆ. ಪರೀಕ್ಷೆಯನ್ನು ಮುಗಿಸುವ ತನಕ ಹಳೆಯ ಹೊದಿಕೆಯನ್ನು ಕಳಚದಿರುವುದು ಬಹುಮುಖ್ಯ. ಕಲೆಗಳಿರುವುದು ಅದರ ಮೇಲೆ; ಅದನ್ನು ಬಿಸುಟು ಹೊಸದನ್ನು ತೊಡಿಸಿದರೆ ಕೋಶದ ಪೂರ್ವಚರಿತ್ರೆಯನ್ನು ಅಳಿಸಿದಂತಾಗುತ್ತದೆ. ಹೊಸ ಹೊದಿಕೆಯ ಮೇಲೆ ಕೋಶದ ಜಾತಿಯನ್ನೂ ದಿನಾಂಕವನ್ನೂ ಶಾಯಿಯಲ್ಲಿ ಬರೆದಿಡಬೇಕು.

ಚಾರ್ಜ್ ಮಾಡುವ ಜಾಗದ ಬಗ್ಗೆಯೂ ಎರಡು ಮಾತು ಹೇಳಬೇಕಾಗಿದೆ. ಹುಳುಮನೆಯಲ್ಲಿ ತಟ್ಟೆಗಳಿಗೆ ಹಾಸಿದ ಹಳೆಯ ವೃತ್ತಪತ್ರಿಕೆಗಳು, ಒಣಗಿದ ಬಿದಿರಿನ ಚಂದ್ರಿಕೆಗಳು, ಮೂಲೆಯಲ್ಲಿ ಒಣಗಿದ ಸೊಪ್ಪಿನ ಕಡ್ಡಿ, ಇವೆಲ್ಲ ಕಿಡಿಗಾಗಿ ಕಾದಿರುವ ವಸ್ತುಗಳು. ಸಂಶಯಕ್ಕೆ ಆಸ್ಪದವಿರುವ ಕೋಶವನ್ನು ಅಲ್ಲಿ ರಾತ್ರಿಯಿಡೀ ಚಾರ್ಜಿಗೆ ಸಿಕ್ಕಿಸಿ ಮಲಗುವುದರಿಂದ ಕೋಶದೊಂದಿಗೆ ಇಡೀ ಬೆಳೆ, ಮನೆ, ಪ್ರಾಣ ಹೋಗಬಹುದು. ಕಲ್ಲಿನ ನೆಲದ ಮೇಲೆ, ಎಚ್ಚರವಿರುವ ಹೊತ್ತಿನಲ್ಲಿ ಚಾರ್ಜ್ ಮಾಡಬೇಕು. ಕೋಶವು ಬುಸುಗುಟ್ಟಿ ಹೊಗೆಯುಗುಳತೊಡಗಿದರೆ ಅದನ್ನು ಕೈಯಲ್ಲಿ ಹಿಡಿದು ಹೊರಗೆ ಓಡಬಾರದು. ಗೋಡೆಯ ಸ್ವಿಚ್ಚನ್ನು ಆರಿಸಲು ಸಾಧ್ಯವಾದರೆ ಆರಿಸಿ, ಮನೆಯವರನ್ನೆಲ್ಲ ಹೊರಗೆ ಕಳುಹಿಸಬೇಕು. ಆ ಹೊಗೆ ವಿಷಯುಕ್ತವಾದುದು. ವಿದ್ಯುತ್ತು ಕಡಿದ ಮೇಲೆ ದೂರದಿಂದ ಧಾರಾಳವಾಗಿ ನೀರು ಎರಚಿ ತಣಿಸಬಹುದು. ಬೆಂಕಿ ಹಬ್ಬಿದ್ದರೆ 112ಕ್ಕೆ ಕರೆ ಮಾಡಬೇಕು.

ಇಷ್ಟು ಪುಟ್ಟ ವಸ್ತುವಿಗೆ ಇಷ್ಟೊಂದು ಎಚ್ಚರಿಕೆಯೇ ಎಂದು ನಿಮಗೆ ಅನಿಸಬಹುದು. 2013ರ ಜನವರಿ 7ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ನಿಂತಿದ್ದ ಬೋಯಿಂಗ್ 787 ವಿಮಾನವೊಂದರ ಲಿಥಿಯಂ-ಅಯಾನು ಬ್ಯಾಟರಿ ಹೊತ್ತಿಕೊಂಡಿತು. ಅದೇ ತಿಂಗಳ 16ರಂದು ಜಪಾನಿನಲ್ಲಿ ಅದೇ ಜಾತಿಯ ಇನ್ನೊಂದು ವಿಮಾನವು ಬ್ಯಾಟರಿಯ ದೋಷದಿಂದ ತುರ್ತಾಗಿ ಇಳಿಯಬೇಕಾಯಿತು. ಪ್ರಪಂಚದಲ್ಲಿ ಆಗ ಹಾರುತ್ತಿದ್ದ 50 ವಿಮಾನಗಳನ್ನೂ ನಿಲ್ಲಿಸಲಾಯಿತು; ಏರ್ ಇಂಡಿಯಾ ಸಂಸ್ಥೆಯ ವಿಮಾನಗಳೂ ಅವುಗಳಲ್ಲಿ ಸೇರಿದ್ದವು. ಬಾಸ್ಟನ್ನಿನ ಘಟನೆಯನ್ನು ತನಿಖೆ ಮಾಡಿದ ತಜ್ಞರು, ಎಂಟು ಕೋಶಗಳ ಆ ಬ್ಯಾಟರಿಯಲ್ಲಿ ಒಂದು ಕೋಶದೊಳಗೆ ಉಂಟಾದ ಹ್ರಸ್ವಮಂಡಲವೇ ಮಿಕ್ಕವುಗಳಿಗೂ ಹಬ್ಬಿತೆಂದು 2014ರಲ್ಲಿ ವರದಿ ಮಾಡಿದರು.

2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಈ ವಿಷಯವು ಊರಿನ ಬಾಗಿಲಿಗೇ ಬಂದಿದೆ. ವಿಮಾನದ ಹೊಟ್ಟೆಯೊಳಗೆ ಹೋಗುವ ಪೆಟ್ಟಿಗೆಗಳಲ್ಲಿ ಬಿಡಿ ಲಿಥಿಯಂ ಕೋಶಗಳನ್ನೂ ಪವರ್ ಬ್ಯಾಂಕುಗಳನ್ನೂ ಇಡುವಂತಿಲ್ಲ. ಅಲ್ಲಿ ಹೊತ್ತಿಕೊಂಡರೆ ಕಂಡು ಆರಿಸುವವರಿಲ್ಲ. ಪ್ರಯಾಣಿಕರು ಕೈಚೀಲದಲ್ಲಿಯೇ ಒಯ್ಯಬೇಕು. ಅದೂ 100 ವಾಟ್-ಗಂಟೆಯ ಮಿತಿಯೊಳಗೆ, ತುದಿಗಳನ್ನು ಮುಚ್ಚಿ. 2500 ಮಿಲಿಆಂಪಿಯರ್-ಗಂಟೆಯ ಒಂದು 18650 ಕೋಶವೆಂದರೆ 9 ವಾಟ್-ಗಂಟೆ. ಮಿತಿಗಿಂತ ಬಹಳ ಕಡಿಮೆ. ಆದರೆ ಹಾನಿಗೊಂಡು ಕಾಯುವ ಸಂಭವವಿರುವ ಕೋಶಕ್ಕೆ ಕೈಚೀಲದಲ್ಲಿಯೂ ಅವಕಾಶವಿಲ್ಲ. ಆದುದರಿಂದ ದೂರ ದೇಶದಲ್ಲಿರುವ ಅಣ್ಣನಿಗೆಂದು ಹಳೆಯ ಟಾರ್ಚನ್ನು ಕೊಟ್ಟು ಕಳುಹಿಸುವ ಮನೆಯವರೂ ಅದರ ಹಿಂದಣ ಮುಚ್ಚಳವನ್ನು ಹೊರಡುವ ಮುನ್ನ ಒಮ್ಮೆ ತಿರುಗಿಸಿ ನೋಡಬೇಕಾಗುತ್ತದೆ.

ಬಳಸಬಾರದೆಂದು ನಿರ್ಧರಿಸಿದ ಕೋಶವನ್ನು ಏನು ಮಾಡುವುದು? ತಿಪ್ಪೆಗೆ ಹಾಕಿದರೆ ಕಸದ ಲಾರಿಯ ಒತ್ತಡದಲ್ಲಿ ಜಜ್ಜಿ ಹೊತ್ತಿಕೊಳ್ಳಬಹುದು. ಕೆರೆಗೋ ಬಾವಿಗೋ ಎಸೆದರೆ ಭಾರಲೋಹಗಳು ನೀರಿಗಿಳಿಯುತ್ತವೆ. 2022ರ ಆಗಸ್ಟಿನಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ಎರಡೂ ತುದಿಗಳಿಗೆ ಅಂಟುಪಟ್ಟಿ ಹಚ್ಚಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಒಣಗಿದ ಮರಳು ತುಂಬಿದ ಮಡಕೆಯಲ್ಲಿ ಮನೆಯ ಹೊರಗೆ ಇಟ್ಟಿದ್ದು, ಊರಿಗೆ ಹೋದಾಗ ಸಂಗ್ರಹ ಕೇಂದ್ರಕ್ಕೆ ಕೊಡಬಹುದು. ಮರುಬಳಕೆಯ ಕಾರ್ಖಾನೆಯಲ್ಲಿ ಕೋಶದಲ್ಲಿ ಉಳಿದಿರುವ ವಿದ್ಯುತ್ತನ್ನು ಮೊದಲು ಬರಿದು ಮಾಡುತ್ತಾರೆ. ಆಮೇಲೆ ಪುಡಿಮಾಡಿ ಕೋಬಾಲ್ಟ್, ನಿಕ್ಕಲ್, ತಾಮ್ರ, ಲಿಥಿಯಂಗಳನ್ನು ಬೇರ್ಪಡಿಸುತ್ತಾರೆ. ದೇವನಹಳ್ಳಿ ತಾಲ್ಲೂಕಿನಲ್ಲಿಯೇ ಲಿಥಿಯಂ-ಅಯಾನು ಕೋಶಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಯೊಂದಕ್ಕೆ 2022ರಲ್ಲಿ ಅಡಿಗಲ್ಲು ಬಿದ್ದಿದೆ. ಹಳೆಯ ಕೋಶಗಳಿಂದ ಹೀಗೆ ಹಿಂದೆ ಪಡೆದ ಲೋಹಗಳು ಅಂತಹ ಕಾರ್ಖಾನೆಗಳಲ್ಲಿ ಮತ್ತೆ ಕೋಶಗಳಾಗಬಲ್ಲವು.